ಪ್ರೋಟಾನ್ ಮತ್ತು ಧಾತುವಿನ ಗುರುತು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೋಟಾನ್ ಎಷ್ಟಿವೆ ಎನ್ನುವುದರ ಮೇಲೆ ಧಾತು ಯಾವುದೆಂದು ತೀರ್ಮಾನವಾಗುತ್ತದೆ. ಪಠ್ಯಪುಸ್ತಕ ಇಷ್ಟನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತದೆ. ಯಾಕೆ ಪ್ರೋಟಾನೇ? ತೂಕ ಯಾಕಲ್ಲ, ಎಲೆಕ್ಟ್ರಾನ್ ಯಾಕಲ್ಲ? ಈ ಪುಟ ಇರುವುದು ಆ ಪ್ರಶ್ನೆಗಳಿಗೆ. ಸಾಲಾಗಿ ಓದಲೇಬೇಕೆಂದಿಲ್ಲ, ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ಮೊದಲು ಚಿಕ್ಕ ಉತ್ತರ ಕೊಡಿ. ಒಂದು ಪರಮಾಣು ಯಾವ ಧಾತುವಿನದು ಎಂದು ತಿಳಿಯುವುದು ಹೇಗೆ?

ಅದರ ನ್ಯೂಕ್ಲಿಯಸ್‌ನಲ್ಲಿ, ಅಂದರೆ ನಡುವಿನ ಪುಟ್ಟ ತಿರುಳಿನಲ್ಲಿ, ಎಷ್ಟು ಪ್ರೋಟಾನ್ ಇವೆ ಎಂದು ನೋಡಬೇಕು. ಒಂದಿದ್ದರೆ ಹೈಡ್ರೋಜನ್. ಎರಡಿದ್ದರೆ ಹೀಲಿಯಂ. ಆರಿದ್ದರೆ ಕಾರ್ಬನ್, ಎಂಟಿದ್ದರೆ ಆಕ್ಸಿಜನ್, 26 ಇದ್ದರೆ ಕಬ್ಬಿಣ, 79 ಇದ್ದರೆ ಚಿನ್ನ. ಈ ಎಣಿಕೆಯ ಹೆಸರು ಪರಮಾಣು ಸಂಖ್ಯೆ. ಆವರ್ತ ಕೋಷ್ಟಕದ ಪ್ರತಿ ಮನೆಯಲ್ಲೂ ಕಾಣುವ ಪೂರ್ಣ ಸಂಖ್ಯೆ ಇದೇ. ಪರಮಾಣು ಎಲ್ಲಿಂದ ಬಂತು, ಒಂಟಿಯಾಗಿದೆಯೋ ಬೇರೆಯವುಗಳ ಜೊತೆ ಸೇರಿದೆಯೋ, ಬಿಸಿಯೋ ತಣ್ಣಗಿದೆಯೋ, ಯಾವುದೂ ಲೆಕ್ಕಕ್ಕಿಲ್ಲ. ನಕ್ಷತ್ರದ ಒಡಲಲ್ಲಿರುವ ಕಬ್ಬಿಣಕ್ಕೂ ನಿಮ್ಮ ರಕ್ತದಲ್ಲಿರುವ ಕಬ್ಬಿಣಕ್ಕೂ ಅದೇ 26.

ರಾಸಾಯನಿಕ ಕ್ರಿಯೆ ನಡೆಸುವುದು ಎಲೆಕ್ಟ್ರಾನ್‌ಗಳು ಅಲ್ವಾ? ಹಾಗಿದ್ದರೆ ಗುರುತೂ ಅವುಗಳದ್ದೇ ಯಾಕಾಗಬಾರದು?

ಒಳ್ಳೆಯ ತಕರಾರು. ಪರಮಾಣುಗಳು ಒಂದಕ್ಕೊಂದು ಅಂಟುವುದು, ಬಿಡುವುದು ಎಲ್ಲ ಎಲೆಕ್ಟ್ರಾನ್‌ಗಳ ಮೂಲಕವೇ. ಆದರೆ ಎಲೆಕ್ಟ್ರಾನ್‌ಗಳು ಬಂದು ಹೋಗುತ್ತಲೇ ಇರುತ್ತವೆ. ಉಪ್ಪಿನಲ್ಲಿರುವ ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಬಿಟ್ಟುಕೊಟ್ಟಿರುತ್ತದೆ. ಆಗ ಅದರ ಬಳಿ ಉಳಿಯುವುದು 10. ನಿಯಾನ್ ಪರಮಾಣುವಿನಲ್ಲೂ 10 ಎಲೆಕ್ಟ್ರಾನ್‌ಗಳೇ. ಹಾಗಂತ ಉಪ್ಪಿನೊಳಗೆ ನಿಯಾನ್ ಇದೆ ಎನ್ನಲು ಬರುತ್ತದೆಯೇ?

ಇನ್ನೂ ಸ್ವಲ್ಪ ಮುಂದೆ ಹೋಗೋಣ. ಎರಡು ಎಲೆಕ್ಟ್ರಾನ್ ಹೆಚ್ಚಿಗೆ ಪಡೆದ ಆಕ್ಸಿಜನ್, ಒಂದು ಹೆಚ್ಚಿಗೆ ಪಡೆದ ಫ್ಲೋರಿನ್, ಸಾದಾ ನಿಯಾನ್, ಒಂದು ಕಳೆದುಕೊಂಡ ಸೋಡಿಯಂ, ಎರಡು ಕಳೆದುಕೊಂಡ ಮೆಗ್ನೀಸಿಯಂ. ಈ ಐದರಲ್ಲೂ ಇರುವುದು 10 ಎಲೆಕ್ಟ್ರಾನ್. ಆದರೂ ಒಂದರಂತೆ ಇನ್ನೊಂದಿಲ್ಲ. ಎಲೆಕ್ಟ್ರಾನ್ ಪಡೆದ ಇಲ್ಲವೇ ಕಳೆದುಕೊಂಡ ಪರಮಾಣುವಿಗೆ ಅಯಾನು ಎನ್ನುತ್ತಾರೆ. ಹರಳುಗಳಲ್ಲಿ ಅಳೆದರೆ ಆ ಆಕ್ಸಿಜನ್ ಅಯಾನಿನ ತ್ರಿಜ್ಯ ಸುಮಾರು 140 ಪಿಕೊಮೀಟರ್ (ಮೀಟರಿನ ಲಕ್ಷ ಕೋಟಿ ಭಾಗಗಳಲ್ಲಿ 140). ಮೆಗ್ನೀಸಿಯಂ ಅಯಾನಿನದು 72ರ ಆಸುಪಾಸು, ಅಂದರೆ ಅರ್ಧ. ಯಾಕೆಂದರೆ ಅದೇ 10 ಎಲೆಕ್ಟ್ರಾನ್‌ಗಳನ್ನು ಒಂದು ಕಡೆ 8 ಪ್ರೋಟಾನ್ ಎಳೆಯುತ್ತಿವೆ, ಇನ್ನೊಂದು ಕಡೆ 12 ಪ್ರೋಟಾನ್ ಎಳೆಯುತ್ತಿವೆ. ನನ್ನ ಮಟ್ಟಿಗೆ ಪ್ರೋಟಾನ್ ಪರವಾದ ಅತಿ ಸರಳ ವಾದ ಇದೇ. ಎಲೆಕ್ಟ್ರಾನ್ ಎಣಿಕೆ ಒಂದೇ ಇಟ್ಟು ಪ್ರೋಟಾನ್ ಮಾತ್ರ ಬದಲಿಸಿದರೆ ವಸ್ತುವೇ ಬದಲಾಗುತ್ತದೆ.

ಒಳಗೆ ಅಷ್ಟು ಚಿಕ್ಕ ಜಾಗದಲ್ಲಿ ಕೂತ ಪ್ರೋಟಾನ್ ಹೊರಗಿನ ಗುಣವನ್ನು ಹೇಗೆ ಆಳುತ್ತದೆ?

ವಿದ್ಯುದಂಶದಿಂದ. ಪ್ರತಿ ಪ್ರೋಟಾನಿಗೂ ಒಂದು ಧನ ಅಂಶ, ಪ್ರತಿ ಎಲೆಕ್ಟ್ರಾನಿಗೂ ಅಷ್ಟೇ ಪ್ರಮಾಣದ ಋಣ ಅಂಶ. ನ್ಯೂಕ್ಲಿಯಸ್ ಪರಮಾಣುವಿಗಿಂತ ಹತ್ತಾರು ಸಾವಿರ ಪಟ್ಟು ಚಿಕ್ಕದು. ಆದರೆ ವಿದ್ಯುತ್ ಸೆಳೆತಕ್ಕೆ ದೂರ ಒಂದು ಅಡ್ಡಿಯಲ್ಲ, ದೂರ ಹೋದಷ್ಟೂ ಕಡಿಮೆಯಾಗುತ್ತದೆ ಅಷ್ಟೇ. ಆರು ಪ್ರೋಟಾನ್ ಇರುವ ನ್ಯೂಕ್ಲಿಯಸ್ ಆರು ಎಲೆಕ್ಟ್ರಾನ್ ಸೇರಿಸಿಕೊಂಡಾಗ ಲೆಕ್ಕ ಸರಿಹೋಗುತ್ತದೆ.

ಎಲೆಕ್ಟ್ರಾನ್‌ಗಳೆಲ್ಲ ಒಂದೇ ಕಡೆ ಗುಂಪುಗೂಡುವಂತಿಲ್ಲ. ಕ್ವಾಂಟಂ ನಿಯಮದ ಪ್ರಕಾರ ಅವು ಕವಚಗಳಲ್ಲಿ ಹಂಚಿಹೋಗುತ್ತವೆ. ಮೊದಲ ಕವಚದಲ್ಲಿ 2, ಎರಡನೆಯದರಲ್ಲಿ 8. ನಿಯಾನ್‌ನ 10 ಎಲೆಕ್ಟ್ರಾನ್‌ಗಳಿಗೆ ಇಷ್ಟು ಜಾಗ ಸರಿಯಾಗಿ ಸಾಕು. ಅದರಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳಲು ಸುಮಾರು 21.6 ಎಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಮಟ್ಟದಲ್ಲಿ ಶಕ್ತಿ ಅಳೆಯುವ ಪುಟ್ಟ ಮಾನ) ಶಕ್ತಿ ಬೇಕು. ಹಾಗಾಗಿ ನಿಯಾನ್ ಯಾರ ಸಹವಾಸಕ್ಕೂ ಹೋಗುವುದಿಲ್ಲ. ಈಗ ನ್ಯೂಕ್ಲಿಯಸ್‌ಗೆ ಒಂದೇ ಒಂದು ಪ್ರೋಟಾನ್ ಸೇರಿಸಿ. ಹನ್ನೊಂದನೇ ಎಲೆಕ್ಟ್ರಾನ್ ಮೂರನೇ ಕವಚಕ್ಕೆ ಹೋಗಲೇಬೇಕು. ಅಲ್ಲಿ ಅದು ಒಂಟಿ, ನ್ಯೂಕ್ಲಿಯಸ್‌ನಿಂದ ದೂರ. ಅದನ್ನು ಕೀಳಲು 5.1 ಎಲೆಕ್ಟ್ರಾನ್ ವೋಲ್ಟ್ ಸಾಕು. ಇದು ಸೋಡಿಯಂ, ನೀರು ಸೋಕಿದರೆ ಸಿಡಿಯುವ ಲೋಹ. ಇನ್ನೊಂದು ಪಕ್ಕಕ್ಕೆ ಹೋಗಿ ನಿಯಾನ್‌ನಿಂದ ಒಂದು ಪ್ರೋಟಾನ್ ತೆಗೆದರೆ ಫ್ಲೋರಿನ್. ಸಿಕ್ಕ ಸಿಕ್ಕ ವಸ್ತುವಿನಿಂದ ಎಲೆಕ್ಟ್ರಾನ್ ಕಸಿಯುವ ಅನಿಲ ಅದು. ಹೀಗೆ 9, 10, 11 ಅಕ್ಕಪಕ್ಕದಲ್ಲೇ ಇದ್ದರೂ ಸ್ವಭಾವ ಮಾತ್ರ ಅಜಗಜಾಂತರ.

ನ್ಯೂಟ್ರಾನ್‌ಗಳ ಸಂಖ್ಯೆ ಬದಲಾದರೆ ಧಾತು ಬದಲಾಗುವುದಿಲ್ಲವೇ?

ಇಲ್ಲ. ನ್ಯೂಟ್ರಾನ್‌ಗೆ ವಿದ್ಯುದಂಶ ಇಲ್ಲ, ಹಾಗಾಗಿ ಎಲೆಕ್ಟ್ರಾನ್‌ಗಳನ್ನು ಅದು ಹಾಗೆ ಸೆಳೆಯುವುದೂ ಇಲ್ಲ. ನ್ಯೂಟ್ರಾನ್ ಹೆಚ್ಚು ಕಡಿಮೆಯಾದರೆ ತೂಕ ಬದಲಾಗುತ್ತದೆ, ನ್ಯೂಕ್ಲಿಯಸ್ ಎಷ್ಟು ದಿನ ಬಾಳುತ್ತದೆ ಎನ್ನುವುದು ಬದಲಾಗುತ್ತದೆ. ಧಾತು ಅದೇ. ಇಂಥವುಗಳನ್ನು ಐಸೊಟೋಪ್ ಎನ್ನುತ್ತಾರೆ, ಪಠ್ಯಪುಸ್ತಕಗಳಲ್ಲಿ ಸಮಸ್ಥಾನಿ. ತವರಕ್ಕೆ ಸ್ಥಿರವಾದ ಐಸೊಟೋಪ್‌ಗಳೇ ಹತ್ತಿವೆ. ಹತ್ತೂ ತವರವೇ, ಹತ್ತರಲ್ಲೂ 50 ಪ್ರೋಟಾನ್.

ಒಂದು ಜೋಡಿ ನೋಡಿ. ಕಾರ್ಬನ್-14ರಲ್ಲಿ 6 ಪ್ರೋಟಾನ್, 8 ನ್ಯೂಟ್ರಾನ್. ನೈಟ್ರೋಜನ್-14ರಲ್ಲಿ 7 ಮತ್ತು 7. ಒಟ್ಟು ಕಣ ಎರಡರಲ್ಲೂ 14, ತೂಕ ಹೆಚ್ಚುಕಡಿಮೆ ಒಂದೇ. ಆದರೆ ಒಂದು ಮರದೊಳಗೆ, ಮೂಳೆಯೊಳಗೆ ಸೇರಿಕೊಳ್ಳುತ್ತದೆ. ಇನ್ನೊಂದು ಗಾಳಿಯಲ್ಲಿ ಸುಮ್ನೆ ಸುತ್ತುತ್ತಿರುತ್ತದೆ. ಅದೇ ಕಾರ್ಬನ್-14ನ್ನು ಕಾರ್ಬನ್-12ರ ಪಕ್ಕ ಇಟ್ಟರೆ ತೂಕದಲ್ಲಿ ಆರರಲ್ಲಿ ಒಂದು ಪಾಲು ವ್ಯತ್ಯಾಸವಿದೆ, ನಡವಳಿಕೆ ಮಾತ್ರ ಒಂದೇ. ಗಿಡಗಳು ಎರಡನ್ನೂ ಹೀರಿಕೊಳ್ಳುತ್ತವೆ. ಹಳೆಯ ವಸ್ತುಗಳ ವಯಸ್ಸು ಲೆಕ್ಕ ಹಾಕುವ ವಿಧಾನ ನಿಂತಿರುವುದೇ ಇದರ ಮೇಲೆ.

ಐಸೊಟೋಪ್‌ಗಳ ಗುಣದಲ್ಲಿ ವ್ಯತ್ಯಾಸವೇ ಇಲ್ಲವೇ?

ಇದೆ, ಆದರೆ ತುಸು. ಎದ್ದು ಕಾಣುವುದು ಹೈಡ್ರೋಜನ್‌ನಲ್ಲಿ, ಯಾಕೆಂದರೆ ಒಂದು ಪ್ರೋಟಾನಿಗೆ ಒಂದು ನ್ಯೂಟ್ರಾನ್ ಸೇರಿದರೆ ತೂಕವೇ ಎರಡರಷ್ಟಾಗುತ್ತದೆ. ಅಂಥ ಹೈಡ್ರೋಜನ್ನಿನಿಂದ ಆದ ಭಾರಜಲ 3.8 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ, 101.4 ಡಿಗ್ರಿಗೆ ಕುದಿಯುತ್ತದೆ. ಆದರೂ ಅದು ನೀರೇ. ಭಾರದ ಧಾತುಗಳಲ್ಲಿ ಈ ವ್ಯತ್ಯಾಸ ಎಷ್ಟು ಸಣ್ಣದೆಂದರೆ, ಯುರೇನಿಯಂ-235 ಮತ್ತು 238ನ್ನು ರಾಸಾಯನಿಕವಾಗಿ ಬೇರ್ಪಡಿಸುವುದು ಬಹಳ ಕಷ್ಟ. ಅದಕ್ಕೇ ಅನಿಲ ರೂಪಕ್ಕೆ ತಂದು, ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್‌ಗಳಲ್ಲಿ ತೂಕದ ಆಧಾರದ ಮೇಲೆ ಬೇರೆ ಮಾಡುತ್ತಾರೆ.

ಮೆಂಡಲೀವ್ ಧಾತುಗಳನ್ನು ಜೋಡಿಸಿದ್ದು ತೂಕದ ಪ್ರಕಾರ ಅಲ್ವಾ? ಅದು ಎಲ್ಲಿ ಎಡವಿತು?

ಹೌದು, 1869ರಲ್ಲಿ ದ್ಮಿತ್ರಿ ಮೆಂಡಲೀವ್ ಧಾತುಗಳನ್ನು ಪರಮಾಣು ತೂಕದ ಏರಿಕೆಯಲ್ಲಿ ಇಟ್ಟು ನೋಡಿದರು. ಆಗ ಪ್ರೋಟಾನ್ ಎಂಬ ಕಣ ಇದೆಯೆಂದೇ ಯಾರಿಗೂ ಗೊತ್ತಿರಲಿಲ್ಲ. ಬಹುಪಾಲು ಕಡೆ ತೂಕದ ಕ್ರಮ ಸರಿಹೋಯಿತು. ಕೆಲವು ಕಡೆ ಹಟ ಹಿಡಿಯಿತು.

ಟೆಲುರಿಯಂ ತೂಕ 127.6, ಅಯೋಡಿನ್‌ನದು 126.9. ತೂಕ ನೋಡಿದರೆ ಅಯೋಡಿನ್ ಮುಂಚೆ ಬರಬೇಕು. ಗುಣ ನೋಡಿದರೆ ಅದು ಕ್ಲೋರಿನ್, ಬ್ರೋಮಿನ್ ಕೆಳಗೇ ಕೂರಬೇಕು, ಅಂದರೆ ಟೆಲುರಿಯಂ ಆದ ಮೇಲೆ. ಮೆಂಡಲೀವ್ ಗುಣವನ್ನೇ ನಂಬಿ ಅದಲು ಬದಲು ಮಾಡಿದರು. ಟೆಲುರಿಯಂ ತೂಕವನ್ನು ಅಳೆದವರೇ ತಪ್ಪಿರಬೇಕು ಎಂದುಕೊಂಡರು. ಜಾಗ ಸರಿಯಿತ್ತು, ಕೊಟ್ಟ ಕಾರಣ ಸರಿಯಿರಲಿಲ್ಲ. ತೂಕಗಳೂ ಸರಿಯಾಗಿಯೇ ಇದ್ದವು. ಟೆಲುರಿಯಂನಲ್ಲಿ 52 ಪ್ರೋಟಾನ್, ಆದರೆ ಪ್ರಕೃತಿಯಲ್ಲಿ ಸಿಗುವ ಟೆಲುರಿಯಂನಲ್ಲಿ ಭಾರದ ಐಸೊಟೋಪ್‌ಗಳಾದ 128 ಮತ್ತು 130 ಜಾಸ್ತಿ. ಅಯೋಡಿನ್‌ನಲ್ಲಿ 53 ಪ್ರೋಟಾನ್, ಸ್ಥಿರ ಐಸೊಟೋಪ್ ಒಂದೇ, 127.

ಆರ್ಗಾನ್ ಮತ್ತು ಪೊಟ್ಯಾಸಿಯಂ ಕಥೆ ಇನ್ನೂ ಚೆನ್ನಾಗಿದೆ. ಆರ್ಗಾನ್ 18ನೆಯದು, ತೂಕ 39.95. ಪೊಟ್ಯಾಸಿಯಂ 19ನೆಯದು, ತೂಕ 39.10. ಒಂದು ಪ್ರೋಟಾನ್ ಕಡಿಮೆ ಇರುವುದೇ ಹೆಚ್ಚು ತೂಗುತ್ತದೆ! ಇದಕ್ಕೆ ಕಾರಣ ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ಐಸೊಟೋಪ್. ಕಲ್ಲುಬಂಡೆಗಳಲ್ಲಿರುವ ಅದರ ಒಂದು ಪಾಲು ಒಂದು ಪ್ರೋಟಾನನ್ನು ನ್ಯೂಟ್ರಾನ್ ಮಾಡಿಕೊಂಡು ಆರ್ಗಾನ್-40 ಆಗುತ್ತದೆ. ಭೂಮಿಯ ಗಾಳಿಯಲ್ಲಿ ಶೇ. 0.93ರಷ್ಟು ಆರ್ಗಾನ್ ಇದೆ, ಅದರಲ್ಲಿ ಶೇ. 99ಕ್ಕೂ ಹೆಚ್ಚು ಹೀಗೆ ಹುಟ್ಟಿದ್ದೇ. ಅಂದರೆ ನಾವು ತೂಗುವ ಆರ್ಗಾನ್ ಒಂದು ಕಾಲದಲ್ಲಿ ಪೊಟ್ಯಾಸಿಯಂ ಆಗಿತ್ತು. ತೂಕ ಒಂದು ಧಾತುವಿನ ಚರಿತ್ರೆಯನ್ನು ಹೇಳುತ್ತದೆ, ಗುರುತನ್ನಲ್ಲ.

ಕೋಷ್ಟಕದಲ್ಲಿ ತೂಕ ದಶಾಂಶದಲ್ಲಿ ಯಾಕಿದೆ?

ಅದು ಸರಾಸರಿ. ಕ್ಲೋರಿನ್‌ನಲ್ಲಿ ಶೇ. 76ರಷ್ಟು ಕ್ಲೋರಿನ್-35, ಶೇ. 24ರಷ್ಟು ಕ್ಲೋರಿನ್-37. ಸರಾಸರಿ 35.45. ಅಷ್ಟು ತೂಗುವ ಕ್ಲೋರಿನ್ ಪರಮಾಣು ಒಂದೂ ಇಲ್ಲ. ಪರಮಾಣು ಸಂಖ್ಯೆಗೆ ಈ ಸರಾಸರಿಯ ರಗಳೆ ಇಲ್ಲ, 17 ಅಂದರೆ 17.

ಹಾಗಾದರೆ ಪ್ರೋಟಾನ್ ಎಣಿಕೆಯೇ ಮುಖ್ಯ ಎಂದು ಕಂಡುಕೊಂಡವರು ಯಾರು?

ಹೊಳೆದದ್ದು ಒಬ್ಬರಿಗೆ, ಸಾಬೀತು ಮಾಡಿದ್ದು ಇನ್ನೊಬ್ಬರು.

1911ರಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಪರಮಾಣುವಿನ ನಡುವೆ ಪುಟ್ಟ, ಭಾರದ ನ್ಯೂಕ್ಲಿಯಸ್ ಇದೆ ಎಂದು ತೋರಿಸಿದ್ದರು. ಅದರ ವಿದ್ಯುದಂಶ ಎಷ್ಟು ಎನ್ನುವುದು ಸ್ಪಷ್ಟವಿರಲಿಲ್ಲ. ನೆದರ್‌ಲೆಂಡ್ಸ್‌ನ ಆಂಟೋನಿಯಸ್ ವಾನ್ ಡೆನ್ ಬ್ರೂಕ್ ವೃತ್ತಿಯಲ್ಲಿ ವಕೀಲರು. ಕೋಷ್ಟಕದಲ್ಲಿ ಧಾತುವಿನ ಕ್ರಮಸಂಖ್ಯೆ ಏನಿದೆಯೋ ನ್ಯೂಕ್ಲಿಯಸ್‌ನ ವಿದ್ಯುದಂಶವೂ ಅಷ್ಟೇ ಇರಬೇಕು ಎಂದು ಅವರು ಸೂಚಿಸಿದರು. ಅಲ್ಲಿಯವರೆಗೆ ಕ್ರಮಸಂಖ್ಯೆ ಬರೀ ಸಾಲಿನಲ್ಲಿ ನಿಂತ ಜಾಗ, ಅದಕ್ಕೆ ಭೌತಿಕ ಅರ್ಥವೇನೂ ಇರಲಿಲ್ಲ.

ಇದನ್ನು ಅಳೆದು ತೋರಿಸಿದವರು ಇಂಗ್ಲೆಂಡಿನ ಹೆನ್ರಿ ಮೋಸ್ಲಿ. 1913ರಲ್ಲಿ ಅವರು ಕ್ಯಾಲ್ಸಿಯಂನಿಂದ ಸತುವಿನವರೆಗಿನ ಧಾತುಗಳ ಮೇಲೆ ಎಲೆಕ್ಟ್ರಾನ್‌ಗಳನ್ನು ಹಾಯಿಸಿ, ಹೊರಬರುವ ಎಕ್ಸ್-ಕಿರಣಗಳನ್ನು ಫೋಟೋ ಪ್ಲೇಟಿನ ಮೇಲೆ ಹಿಡಿದರು. ಪ್ರತಿ ಧಾತುವಿಗೂ ತನ್ನದೇ ಗೆರೆಗಳು. ಚಿತ್ರಗಳನ್ನು ಒಂದರ ಕೆಳಗೊಂದು ಇಟ್ಟಾಗ ಗೆರೆಗಳು ಮೆಟ್ಟಿಲಿನ ಹಾಗೆ ಕ್ರಮವಾಗಿ ಜರುಗುತ್ತಾ ಹೋದವು. ಕಿರಣದ ಆವೃತ್ತಿಯ ವರ್ಗಮೂಲ ತೆಗೆದರೆ ಒಂದು ಧಾತುವಿನಿಂದ ಮುಂದಿನದಕ್ಕೆ ಹೆಚ್ಚುಕಡಿಮೆ ಒಂದೇ ಅಳತೆಯ ಏರಿಕೆ. ತೂಕದಲ್ಲಿ ಇಂಥ ಶಿಸ್ತು ಎಲ್ಲೂ ಇರಲಿಲ್ಲ. ಕೋಬಾಲ್ಟ್ ನಿಕ್ಕಲ್‌ಗಿಂತ ತುಸು ಹೆಚ್ಚು ತೂಗಿದರೂ ಎಕ್ಸ್-ಕಿರಣದ ಲೆಕ್ಕದಲ್ಲಿ ಕೋಬಾಲ್ಟ್ 27, ನಿಕ್ಕಲ್ 28 ಎಂದೇ ಬಂತು.

ಮುಂದಿನ ವರ್ಷ ಅವರು ಅಲ್ಯೂಮಿನಿಯಂನಿಂದ ಚಿನ್ನದವರೆಗೆ ಈ ಕೆಲಸವನ್ನು ವಿಸ್ತರಿಸಿದರು. 43, 61, 75 ಎಂಬ ಜಾಗಗಳು ಖಾಲಿ ಇವೆ ಎಂದರು. ಎಷ್ಟು ಧಾತುಗಳು ಇನ್ನೂ ಸಿಗಬೇಕಿದೆ ಎಂದು ಎಣಿಸಲು ಬಂದದ್ದು ಆಗಲೇ. ಮೋಸ್ಲಿ 1915ರ ಆಗಸ್ಟ್‌ನಲ್ಲಿ, ಮೊದಲ ಮಹಾಯುದ್ಧದ ಗಲ್ಲಿಪೋಲಿ ಕಾಳಗದಲ್ಲಿ ಗುಂಡೇಟಿಗೆ ಬಲಿಯಾದರು. ಆಗ ಅವರ ವಯಸ್ಸು 27.

ಪ್ರೋಟಾನ್ ಎಂಬ ಕಣ ಸಿಕ್ಕಿದ್ದು ಯಾವಾಗ?

ಮೋಸ್ಲಿ ಅಳೆದದ್ದು ವಿದ್ಯುದಂಶವನ್ನು, ಕಣವನ್ನಲ್ಲ. 1919ರಲ್ಲಿ ರುದರ್‌ಫೋರ್ಡ್ ನೈಟ್ರೋಜನ್ ಮೇಲೆ ಆಲ್ಫಾ ಕಣಗಳನ್ನು (ಅಂದರೆ ಹೀಲಿಯಂ ನ್ಯೂಕ್ಲಿಯಸ್‌ಗಳನ್ನು) ಹಾಯಿಸಿದಾಗ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ಹೊರಬರುತ್ತವೆ ಎಂದು ಪ್ರಕಟಿಸಿದರು. ಹೈಡ್ರೋಜನ್ನಿನ ನ್ಯೂಕ್ಲಿಯಸ್ ಬೇರೆ ಧಾತುಗಳ ಒಳಗೂ ಇದೆ ಎಂದಾಯಿತು. ಮರುವರ್ಷ ಅದಕ್ಕೆ ಪ್ರೋಟಾನ್ ಎಂದು ಹೆಸರು ಬಿತ್ತು. ಆ ಪ್ರಯೋಗದಲ್ಲಿ ಇನ್ನೂ ಏನು ನಡೆದಿತ್ತು ಎನ್ನುವುದು 1925ರಲ್ಲಿ ಗೊತ್ತಾಯಿತು. ಪ್ಯಾಟ್ರಿಕ್ ಬ್ಲ್ಯಾಕೆಟ್ ಕಣಗಳ ಜಾಡಿನ ಸುಮಾರು 23,000 ಫೋಟೋ ತೆಗೆದು ಅದರಲ್ಲಿ ಇಂಥ ಎಂಟು ಘಟನೆಗಳನ್ನು ಹುಡುಕಿದರು. ನೈಟ್ರೋಜನ್ನಿನ 7 ಮತ್ತು ಆಲ್ಫಾ ಕಣದ 2 ಸೇರಿ 9. ಒಂದು ಹೊರಗೆ ಹೋಗಿ ಉಳಿದದ್ದು 8, ಅಂದರೆ ಆಕ್ಸಿಜನ್. ಮನುಷ್ಯನ ಪ್ರಯೋಗದಲ್ಲಿ ಒಂದು ಧಾತು ಇನ್ನೊಂದಾಗಿತ್ತು. ನ್ಯೂಟ್ರಾನ್ ಸಿಕ್ಕಿದ್ದು ಇನ್ನೂ ತಡವಾಗಿ, 1932ರಲ್ಲಿ, ಜೇಮ್ಸ್ ಚಾಡ್ವಿಕ್ ಅವರಿಗೆ.

ಇವತ್ತು ಪ್ರೋಟಾನ್ ಎಣಿಸುವುದು ಹೇಗೆ? ಒಂದೊಂದಾಗಿ ನೋಡಲು ಆಗುವುದಿಲ್ಲವಲ್ಲ?

ಮೋಸ್ಲಿ ದಾರಿಯೇ ಈಗಲೂ ನಡೆಯುತ್ತಿದೆ. ವಸ್ತುವಿನ ಮೇಲೆ ಎಕ್ಸ್-ಕಿರಣ ಬಿಟ್ಟರೆ ಒಳಕವಚದ ಎಲೆಕ್ಟ್ರಾನ್ ಹಾರಿಹೋಗುತ್ತದೆ. ಆ ತೆರವಿಗೆ ಮೇಲಿನದೊಂದು ಇಳಿಯುತ್ತದೆ, ಇಳಿಯುವಾಗ ಹೊಸ ಎಕ್ಸ್-ಕಿರಣ ಹೊರಬೀಳುತ್ತದೆ. ಅದರ ಶಕ್ತಿ ಎಷ್ಟು ಎನ್ನುವುದನ್ನು ಮುಖ್ಯವಾಗಿ ನಿರ್ಧರಿಸುವುದು ನ್ಯೂಕ್ಲಿಯಸ್‌ನ ಪ್ರೋಟಾನ್ ಸಂಖ್ಯೆ. ಶಕ್ತಿ ಅಳೆದರೆ ಧಾತು ಸಿಕ್ಕಿತು. ಮಾದರಿಯನ್ನು ಕರಗಿಸಬೇಕಿಲ್ಲ, ಕೆರೆಯಬೇಕಿಲ್ಲ. ಮಂಗಳದ ಮೇಲಿರುವ ಕ್ಯೂರಿಯಾಸಿಟಿ ರೋವರ್‌ನಲ್ಲೂ ಚಂದ್ರಯಾನ-3ರ ಪ್ರಗ್ಯಾನ್ ರೋವರ್‌ನಲ್ಲೂ ಇದೇ ತತ್ವದ ಉಪಕರಣ ಇತ್ತು.

ಆರೂವರೆ ಪ್ರೋಟಾನ್ ಇರುವ ಧಾತು ಸಾಧ್ಯವೇ?

ಇಲ್ಲ. ಪ್ರೋಟಾನ್ ಇಡಿಯಾಗಿಯೇ ಇರುತ್ತದೆ. ಕಾರ್ಬನ್ ಮತ್ತು ನೈಟ್ರೋಜನ್ ನಡುವೆ ಇನ್ನೊಂದು ಧಾತು ಎಂದೂ ಸಿಗುವುದಿಲ್ಲ ಎಂದು ಇಷ್ಟು ಖಚಿತವಾಗಿ ಹೇಳಲು ಬರುವುದು ಅದಕ್ಕೇ.

ಚಿನ್ನದ ಪ್ರೋಟಾನ್ ಬೇರೆ, ಆಕ್ಸಿಜನ್ನಿನ ಪ್ರೋಟಾನ್ ಬೇರೆಯೇ?

ಒಂದೇ ಕಣ. ಒಳಗೆ ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳು, ಎರಡು ಅಪ್ ಕ್ವಾರ್ಕ್, ಒಂದು ಡೌನ್ ಕ್ವಾರ್ಕ್. ಎಲೆಕ್ಟ್ರಾನಿಗಿಂತ ಸುಮಾರು 1,836 ಪಟ್ಟು ಹೆಚ್ಚು ತೂಕ. ಚಿನ್ನದಿಂದ ಒಂದು ಪ್ರೋಟಾನ್ ತೆಗೆದು ತೋರಿಸಿ ‘ಇದು ಎಲ್ಲಿಯದು’ ಎಂದು ಕೇಳಿದರೆ ಯಾರೂ ಹೇಳಲಾರರು. ಹಳದಿ ಬಣ್ಣವಾಗಲಿ ಹೊಳಪಾಗಲಿ ಆ ಕಣದಲ್ಲಿ ಇಲ್ಲ. ಎಷ್ಟು ಒಟ್ಟಿಗಿವೆ ಎನ್ನುವುದಷ್ಟೇ ವಿಷಯ.

ಹೈಡ್ರೋಜನ್ ಅಯಾನು ಎಂದರೆ ಬರೀ ಪ್ರೋಟಾನ್. ಅದೂ ಧಾತುವೇ?

ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್, ಹಾಗಾಗಿ ಹೈಡ್ರೋಜನ್ನೇ. ಆಮ್ಲಗಳ ವಿಷಯದಲ್ಲಿ ಮಾತಾಡುವಾಗ ರಸಾಯನಶಾಸ್ತ್ರಜ್ಞರು ಇದನ್ನು ನೇರವಾಗಿ ಪ್ರೋಟಾನ್ ಎಂದೇ ಕರೆಯುತ್ತಾರೆ. ನೀರಿನಲ್ಲಿ ಮಾತ್ರ ಅದು ಒಂಟಿಯಾಗಿ ಇರುವುದಿಲ್ಲ, ನೀರಿನ ಅಣುವಿಗೆ ಅಂಟಿಕೊಂಡೇ ಇರುತ್ತದೆ.

ವಜ್ರ, ಗ್ರಾಫೈಟ್ ಎರಡೂ ಕಾರ್ಬನ್. ಗುಣ ಬೇರೆ ಬೇರೆ ಯಾಕೆ?

ಜೋಡಣೆ ಬೇರೆ, ಅಷ್ಟೇ. ಪ್ರತಿ ಪರಮಾಣುವಿನಲ್ಲೂ ಆರೇ ಪ್ರೋಟಾನ್. ಪ್ರೋಟಾನ್ ಸಂಖ್ಯೆ ಪರಮಾಣುವಿನ ಗುರುತು. ಪರಮಾಣುಗಳು ಸೇರಿ ಏನು ಕಟ್ಟುತ್ತವೆ ಎನ್ನುವುದು ಬೇರೆಯೇ ಪ್ರಶ್ನೆ.

ಧನ ಅಂಶಗಳು ಒಂದನ್ನೊಂದು ತಳ್ಳುತ್ತವೆ. 79 ಪ್ರೋಟಾನ್‌ಗಳು ಒಂದೇ ಕಡೆ ಹೇಗೆ ಉಳಿದಿವೆ?

ತಳ್ಳುವುದು ನಿಜ, ಅದೂ ಜೋರಾಗಿಯೇ. ಹಿಡಿದಿಡುವುದು ಪ್ರಬಲ ನ್ಯೂಕ್ಲಿಯರ್ ಬಲ. ಹತ್ತಿರದಲ್ಲಿ ಅದು ವಿದ್ಯುತ್ ತಳ್ಳಾಟವನ್ನು ಮೀರಿಸುತ್ತದೆ. ಆದರೆ ಅದರ ಕೈ ಬಹಳ ಮೋಟು, ಕೆಲವೇ ಫೆಮ್ಟೊಮೀಟರ್. ಪಕ್ಕದ ಕಣಕ್ಕೆ ತಾಗುತ್ತದೆ, ನ್ಯೂಕ್ಲಿಯಸ್‌ನ ಆಚೆ ತುದಿಗೆ ತಾಗುವುದಿಲ್ಲ. ತಳ್ಳಾಟಕ್ಕೆ ಆ ಮಿತಿ ಇಲ್ಲ, ಪ್ರತಿ ಪ್ರೋಟಾನೂ ಉಳಿದೆಲ್ಲ ಪ್ರೋಟಾನ್‌ಗಳನ್ನೂ ತಳ್ಳುತ್ತದೆ.

ನ್ಯೂಟ್ರಾನ್ ಉಪಯೋಗಕ್ಕೆ ಬರುವುದು ಇಲ್ಲಿ. ಅದು ಅಂಟನ್ನು ಸೇರಿಸುತ್ತದೆ, ತಳ್ಳಾಟವನ್ನು ಸೇರಿಸುವುದಿಲ್ಲ. ಆಕ್ಸಿಜನ್-16ಕ್ಕೆ 8 ಪ್ರೋಟಾನ್, 8 ನ್ಯೂಟ್ರಾನ್ ಸಾಕು. ಕಬ್ಬಿಣ-56ಕ್ಕೆ 26ರ ಜೊತೆ 30 ಬೇಕು. ಸೀಸ-208ರಲ್ಲಿ 82 ಪ್ರೋಟಾನ್‌ಗಳ ಜೊತೆ 126 ನ್ಯೂಟ್ರಾನ್. ಅದರಾಚೆ ಎಷ್ಟು ನ್ಯೂಟ್ರಾನ್ ಸೇರಿಸಿದರೂ ಪೂರ್ತಿ ಸ್ಥಿರತೆ ಬರುವುದಿಲ್ಲ. 83ನೆಯ ಬಿಸ್ಮತ್ ಸ್ಥಿರ ಎಂದೇ ಬಹಳ ಕಾಲ ನಂಬಿದ್ದರು. 2003ರಲ್ಲಿ ಅದೂ ಕ್ಷಯಿಸುತ್ತದೆ ಎಂದು ಗೊತ್ತಾಯಿತು. ಅದರ ಅರ್ಧಾಯು, ಅಂದರೆ ಇರುವುದರಲ್ಲಿ ಅರ್ಧ ಕ್ಷಯಿಸಲು ಹಿಡಿಯುವ ಕಾಲ, ವಿಶ್ವದ ವಯಸ್ಸಿನ ನೂರು ಕೋಟಿ ಪಟ್ಟಿಗಿಂತಲೂ ಹೆಚ್ಚು. ಇಷ್ಟಿದ್ದರೆ ಸ್ಥಿರ ಅಂದರೂ ನಡೆಯುತ್ತೆ ಬಿಡಿ, ಆದರೆ ಲೆಕ್ಕ ಲೆಕ್ಕವೇ.

43 ಮತ್ತು 61ರ ಜಾಗ ಯಾಕೆ ಖಾಲಿ ಇತ್ತು?

ಆ ಎರಡು ಸಂಖ್ಯೆಗೆ ಸ್ಥಿರವಾದ ಐಸೊಟೋಪ್ ಒಂದೂ ಇಲ್ಲ. ಸುತ್ತಮುತ್ತಲಿನ ಧಾತುಗಳೆಲ್ಲ ಆರಾಮಾಗಿವೆ, ಇವೆರಡಕ್ಕೆ ಮಾತ್ರ ಅದೃಷ್ಟವಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿದ್ದ ಸೈಕ್ಲೋಟ್ರಾನ್ ಎಂಬ ಕಣಗಳ ವೇಗ ಹೆಚ್ಚಿಸುವ ಯಂತ್ರದಲ್ಲಿ ಕಣಗಳ ಹೊಡೆತ ತಿಂದ ಮಾಲಿಬ್ಡಿನಂ ತಗಡಿನಲ್ಲಿ 1937ರಲ್ಲಿ ಕಾರ್ಲೊ ಪೆರಿಯೆ ಮತ್ತು ಎಮಿಲಿಯೊ ಸೆಗ್ರೆ 43ನ್ನು ಗುರುತಿಸಿದರು. ಮಾಲಿಬ್ಡಿನಂ 42, ಅದಕ್ಕೆ ಒಂದು ಪ್ರೋಟಾನ್ ಸೇರಿತ್ತು. ಅದೇ ಟೆಕ್ನೀಶಿಯಂ. 61, ಅಂದರೆ ಪ್ರೊಮಿಥಿಯಂ, 1945ರಲ್ಲಿ ರಿಯಾಕ್ಟರ್‌ನಲ್ಲಿ ಸುಟ್ಟ ಯುರೇನಿಯಂ ಇಂಧನದಲ್ಲಿ ಸಿಕ್ಕಿತು. ಮೋಸ್ಲಿ ಹೇಳಿದ ಇನ್ನೊಂದು ಜಾಗ 75. ಅದು ಪ್ರಕೃತಿಯಲ್ಲೇ ಇತ್ತು, 1925ರಲ್ಲಿ ರೀನಿಯಂ ಎಂದು ಹೆಸರಾಯಿತು.

ಪ್ರೋಟಾನ್ ಸಂಖ್ಯೆ ತಾನಾಗಿಯೇ ಬದಲಾಗುವುದುಂಟೇ?

ಉಂಟು. ಮುಖ್ಯವಾಗಿ ಎರಡು ದಾರಿ. ಆಲ್ಫಾ ಕ್ಷಯದಲ್ಲಿ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಒಟ್ಟಿಗೆ ಹೊರಹೋಗುತ್ತವೆ. ಕೋಷ್ಟಕದಲ್ಲಿ ಎರಡು ಮನೆ ಹಿಂದೆ. ಬೀಟಾ ಕ್ಷಯದಲ್ಲಿ ಒಂದು ನ್ಯೂಟ್ರಾನ್ ಪ್ರೋಟಾನ್ ಆಗುತ್ತದೆ, ಎಲೆಕ್ಟ್ರಾನೊಂದು ಹೊರಕ್ಕೆ ಸಿಡಿಯುತ್ತದೆ. ಒಂದು ಮನೆ ಮುಂದೆ. ಕಾರ್ಬನ್-14 ಹೀಗೆ ನೈಟ್ರೋಜನ್ ಆಗುತ್ತದೆ, ಅರ್ಧಾಯು ಸುಮಾರು 5,730 ವರ್ಷ. ಇದರ ತಿರುವುಮುರುವೂ ಇದೆ, ಪೊಟ್ಯಾಸಿಯಂ ಆರ್ಗಾನ್ ಆಗುವುದು ಹಾಗೆ.

ಯುರೇನಿಯಂ-238 ಈ ಎರಡೂ ದಾರಿ ಬಳಸುತ್ತದೆ. ಎಂಟು ಆಲ್ಫಾ, ಆರು ಬೀಟಾ. 92ರಿಂದ 16 ಕಳೆದು 6 ಕೂಡಿದರೆ 82, ಅಂದರೆ ಸೀಸ. ಮೊದಲ ಹೆಜ್ಜೆಗೇ ಅರ್ಧಾಯು ಸುಮಾರು 447 ಕೋಟಿ ವರ್ಷ. ಬಂಡೆಗಳ ವಯಸ್ಸನ್ನು ಈ ಗಡಿಯಾರದಿಂದ ಅಳೆಯುತ್ತಾರೆ. ನಿಮ್ಮ ಮೈಯಲ್ಲೂ ಇದು ನಡೆಯುತ್ತಿದೆ. ವಯಸ್ಕರ ದೇಹದಲ್ಲಿ ಸೆಕೆಂಡಿಗೆ ಸುಮಾರು 4,000 ಪೊಟ್ಯಾಸಿಯಂ-40 ಪರಮಾಣುಗಳು ಕ್ಯಾಲ್ಸಿಯಂ ಅಥವಾ ಆರ್ಗಾನ್ ಆಗುತ್ತಿರುತ್ತವೆ. ಹೆದರಬೇಕಿಲ್ಲ, ಇದು ಎಲ್ಲರಿಗೂ ಹುಟ್ಟಿನಿಂದಲೇ ಇದ್ದದ್ದು.

ಸುಟ್ಟರೆ, ಆಸಿಡ್‌ನಲ್ಲಿ ಹಾಕಿದರೆ, ತುಕ್ಕು ಹಿಡಿದರೆ ಧಾತು ಬದಲಾಗುತ್ತದೆಯೇ?

ಇಲ್ಲ. ಅವೆಲ್ಲ ಎಲೆಕ್ಟ್ರಾನ್‌ಗಳ ವ್ಯವಹಾರ. ಒಂದು ಕಾರ್ಬನ್ ಪರಮಾಣು ಸುಟ್ಟು ಇಂಗಾಲದ ಡೈಆಕ್ಸೈಡ್ ಆದಾಗ ಸುಮಾರು 4 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊರಬರುತ್ತದೆ. ಸೀಸದ ನ್ಯೂಕ್ಲಿಯಸ್‌ನಿಂದ ಒಂದು ಪ್ರೋಟಾನ್ ಕೀಳಲು ಬೇಕಾದದ್ದು ಸುಮಾರು 80 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಇಪ್ಪತ್ತು ಲಕ್ಷ ಪಟ್ಟು ಅಂತರ. ಯಾವ ಕುಲುಮೆಯ ಬೆಂಕಿಯೂ ಅಲ್ಲಿಗೆ ಮುಟ್ಟುವುದಿಲ್ಲ.

ಹಾಗಾದರೆ ಸೀಸವನ್ನು ಚಿನ್ನ ಮಾಡಲು ಆಗುವುದೇ ಇಲ್ಲವೇ?

ಆಗುತ್ತದೆ, ಆಗಿದೆ ಕೂಡ. ಸೀಸದಲ್ಲಿ 82, ಚಿನ್ನದಲ್ಲಿ 79. ಮೂರು ಪ್ರೋಟಾನ್ ತೆಗೆದರಾಯಿತು. ರಸವಿದ್ಯೆಯವರು ಶತಮಾನಗಳ ಕಾಲ ಕಾಯಿಸಿ, ಬೆರೆಸಿ, ಭಟ್ಟಿ ಇಳಿಸಿ ಸೋತದ್ದು ಬುದ್ಧಿ ಸಾಲದೆ ಅಲ್ಲ. ಅವರ ಬಳಿ ಇದ್ದ ಯಾವ ಉಪಾಯವೂ ನ್ಯೂಕ್ಲಿಯಸ್‌ನ ಹೊಸಿಲು ದಾಟುವಂಥದ್ದಾಗಿರಲಿಲ್ಲ.

1941ರಲ್ಲಿ ಪಾದರಸಕ್ಕೆ ವೇಗದ ನ್ಯೂಟ್ರಾನ್ ಹೊಡೆದು ವಿಕಿರಣಶೀಲ ಚಿನ್ನ ಮಾಡಿದರು. 1980ರಲ್ಲಿ ಬರ್ಕ್ಲಿಯಲ್ಲಿ ಗ್ಲೆನ್ ಸೀಬೋರ್ಗ್ ಅವರ ತಂಡ ಬಿಸ್ಮತ್‌ನಿಂದ ಚಿನ್ನ ಪಡೆಯಿತು. ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿ ನಡೆದದ್ದು ಇನ್ನೂ ವಿಚಿತ್ರ. ಅಲ್ಲಿ ಬೆಳಕಿನ ವೇಗದ ಹತ್ತಿರ ಓಡುವ ಸೀಸದ ನ್ಯೂಕ್ಲಿಯಸ್‌ಗಳು ಎದುರುಬದುರು ಬರುತ್ತವೆ. ಕೆಲವು ಡಿಕ್ಕಿಯಾಗದೆ ಒಂದರ ಪಕ್ಕ ಒಂದು ಸವರಿಕೊಂಡು ಹೋಗುತ್ತವೆ. ಆಗಿನ ವಿದ್ಯುತ್ ಕ್ಷೇತ್ರದ ಏಟಿಗೆ ಪ್ರೋಟಾನ್‌ಗಳು ಉದುರುತ್ತವೆ. ಒಂದು ಉದುರಿದರೆ ಥ್ಯಾಲಿಯಂ, ಎರಡಾದರೆ ಪಾದರಸ, ಮೂರಾದರೆ ಚಿನ್ನ. 2015ರಿಂದ 2018ರ ಅವಧಿಯಲ್ಲಿ ಹೀಗೆ ಸುಮಾರು 8,600 ಕೋಟಿ ಚಿನ್ನದ ನ್ಯೂಕ್ಲಿಯಸ್‌ಗಳು ಹುಟ್ಟಿದವು ಎಂದು ಆಲಿಸ್ ಪ್ರಯೋಗದ ತಂಡ 2025ರಲ್ಲಿ ತಿಳಿಸಿತು. ಎಲ್ಲ ಸೇರಿ ತೂಕ 29 ಪಿಕೊಗ್ರಾಂ. ಗ್ರಾಂ ಅನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ 29 ಭಾಗ. ಹುಟ್ಟಿದ ಮರುಕ್ಷಣವೇ ಯಂತ್ರದ ಗೋಡೆಗೆ ಬಡಿದು ಅವೂ ಚೂರಾದವು.

ಚಿನ್ನ ಹಳದಿ ಬಣ್ಣದ್ದಾಗಿರಲು ಅದರ 79 ಪ್ರೋಟಾನ್‌ಗಳೇ ಕಾರಣವೇ?

ಹೌದು. 79 ಪ್ರೋಟಾನ್‌ಗಳ ಸೆಳೆತಕ್ಕೆ ಒಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿ ಇರುತ್ತವೆ. ಅಂಥ ವೇಗದಲ್ಲಿ ಐನ್‌ಸ್ಟೈನ್‌ರ ಸಾಪೇಕ್ಷತೆಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಅದರ ಪರಿಣಾಮವಾಗಿ ಹೊರಗಿನ ಒಂದು ಕವಚ ಒಳಕ್ಕೆ ಕುಗ್ಗುತ್ತದೆ, ಇನ್ನೊಂದು ತುಸು ಸಡಿಲವಾಗುತ್ತದೆ, ಎರಡರ ನಡುವಿನ ಶಕ್ತಿಯ ಅಂತರ ಕಡಿಮೆಯಾಗುತ್ತದೆ. ಎಷ್ಟು ಕಡಿಮೆ ಎಂದರೆ ನೀಲಿ ಬೆಳಕನ್ನು ಹೀರುವಷ್ಟು. ನೀಲಿ ಹೋದರೆ ಉಳಿದದ್ದು ಹಳದಿಯಾಗಿ ಕಾಣುತ್ತದೆ. ಬೆಳ್ಳಿಯಲ್ಲಿ ಪ್ರೋಟಾನ್ 47 ಮಾತ್ರ. ಅಲ್ಲಿ ಈ ಪರಿಣಾಮ ಸಣ್ಣದು, ಹಾಗಾಗಿ ಅದು ಹೀರುವುದು ಕಣ್ಣಿಗೆ ಕಾಣದ ಅತಿನೇರಳೆಯನ್ನು. 80ನೆಯ ಪಾದರಸ ಕೋಣೆಯ ಉಷ್ಣತೆಯಲ್ಲಿ ದ್ರವವಾಗಿರುವುದಕ್ಕೂ ಇದೇ ಕಾರಣ.

ಪ್ರೋಟಾನೇ ಇಲ್ಲದ, ಬರೀ ನ್ಯೂಟ್ರಾನಿನ ‘ಸೊನ್ನೆ’ ಧಾತು ಇದೆಯೇ?

ಒಂಟಿ ನ್ಯೂಟ್ರಾನಿನ ಅರ್ಧಾಯು ಹತ್ತು ನಿಮಿಷದ ಸುಮಾರು. ಎಲೆಕ್ಟ್ರಾನ್‌ಗಳನ್ನು ಹಿಡಿದಿಡಲು ಅದರ ಬಳಿ ಏನೂ ಇಲ್ಲ, ಆದ್ದರಿಂದ ರಸಾಯನಶಾಸ್ತ್ರವೂ ಇಲ್ಲ. ನ್ಯೂಟ್ರಾನ್ ನಕ್ಷತ್ರಗಳು ಇವೆ, ಆದರೆ ಅವನ್ನು ಒಟ್ಟಿಗೆ ಹಿಡಿದಿರುವುದು ಗುರುತ್ವ. ಕೋಷ್ಟಕದಲ್ಲಿ ಅವಕ್ಕೆ ಜಾಗವಿಲ್ಲ.

ಹೊಸ ಧಾತುಗಳನ್ನು ಹೇಗೆ ಮಾಡುತ್ತಾರೆ? ಇನ್ನೂ ಎಷ್ಟು ಸಾಧ್ಯ?

ಪ್ರೋಟಾನ್‌ಗಳ ಕೂಡು ಲೆಕ್ಕದಿಂದ. ಒಂದು ಧಾತುವಿನ ತೆಳು ಪದರದ ಮೇಲೆ ಇನ್ನೊಂದರ ನ್ಯೂಕ್ಲಿಯಸ್‌ಗಳನ್ನು ಹೊಡೆದು ಎರಡೂ ಬೆಸೆಯಲಿ ಎಂದು ಕಾಯುತ್ತಾರೆ. ಜಪಾನಿನ ರಿಕೆನ್ ಸಂಸ್ಥೆ ಸತುವಿನ 30ನ್ನು ಬಿಸ್ಮತ್‌ನ 83ಕ್ಕೆ ಕೂಡಿಸಿ 113 ಪಡೆಯಿತು, ಅದು ನಿಹೋನಿಯಂ. ರಷ್ಯಾದ ದುಬ್ನಾದಲ್ಲಿ ಕ್ಯಾಲ್ಸಿಯಂ 20, ಕ್ಯಾಲಿಫೋರ್ನಿಯಂ 98 ಸೇರಿ 118 ಬಂತು. ಅದು ಓಗನೆಸನ್. 2016ರಲ್ಲಿ ಹೆಸರು ಅಧಿಕೃತವಾಯಿತು. ಸದ್ಯಕ್ಕೆ ಕೋಷ್ಟಕದ ಕೊನೆಯ ಮನೆ.

ಹೊಸ ಧಾತು ಎನ್ನಿಸಿಕೊಳ್ಳಲು ನ್ಯೂಕ್ಲಿಯಸ್ ಎಷ್ಟು ಹೊತ್ತು ಬಾಳಬೇಕು ಎಂಬುದಕ್ಕೂ ಒಪ್ಪಿತ ಅಳತೆ ಇದೆ. ಸೆಕೆಂಡನ್ನು ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಕೋಟಿ ಭಾಗ ಮಾಡಿದರೆ ಸಿಗುವಷ್ಟು. ನ್ಯೂಕ್ಲಿಯಸ್ ತನ್ನ ಸುತ್ತ ಎಲೆಕ್ಟ್ರಾನ್‌ಗಳನ್ನು ಕೂಡಿಸಿಕೊಳ್ಳಲು ಹೆಚ್ಚುಕಡಿಮೆ ಅಷ್ಟು ಹೊತ್ತು ಹಿಡಿಯುತ್ತದೆ. ಅದಕ್ಕಿಂತ ಮುಂಚೆಯೇ ಒಡೆದರೆ ಧಾತು ಎನ್ನುವ ಮಾತಿಗೆ ಅರ್ಥ ಉಳಿಯುವುದಿಲ್ಲ.

119ಕ್ಕೆ ಹಳೆಯ ಉಪಾಯ ಸಾಲದು. ಕ್ಯಾಲ್ಸಿಯಂನ 20ಕ್ಕೆ ಜೊತೆಯಾಗಿ 99 ಬೇಕು, ಅಂದರೆ ಐನ್‌ಸ್ಟೈನಿಯಂ. ಅದು ತಯಾರಾಗುವುದು ಬಹಳ ಕಡಿಮೆ ಪ್ರಮಾಣದಲ್ಲಿ, ಗುರಿಯ ಪದರ ಮಾಡಲು ಎಲ್ಲಿ ಸಾಕಾಗುತ್ತದೆ? ಹಾಗಾಗಿ ಹೊಡೆಯುವ ಕಣವನ್ನೇ ದೊಡ್ಡದು ಮಾಡುತ್ತಿದ್ದಾರೆ. ರಿಕೆನ್‌ನವರು ವೆನೇಡಿಯಂ 23ನ್ನು ಕ್ಯೂರಿಯಂ 96ಕ್ಕೆ ಹೊಡೆದು 119ಕ್ಕಾಗಿ ಪ್ರಯತ್ನಿಸುತ್ತಿದ್ದಾರೆ. ಬರ್ಕ್ಲಿಯವರು 2024ರಲ್ಲಿ ಟೈಟೇನಿಯಂ 22 ಮತ್ತು ಪ್ಲುಟೋನಿಯಂ 94 ಕೂಡಿಸಿ, ಮೊದಲೇ ಗೊತ್ತಿದ್ದ 116ನ್ನು ಮಾಡಿ ತೋರಿಸಿದರು. ಟೈಟೇನಿಯಂನಿಂದಲೂ ಕೆಲಸ ಆಗುತ್ತದೆ ಎಂದು ಖಚಿತವಾಯಿತು. ಅದೇ ಟೈಟೇನಿಯಂ ಅನ್ನು ಕ್ಯಾಲಿಫೋರ್ನಿಯಂ ಮೇಲೆ ಹೊಡೆದು 22 ಕೂಡಿಸು 98, ಅಂದರೆ 120 ಪಡೆಯುವುದು ಅವರ ಮುಂದಿನ ಗುರಿ.